ಕೇಳಿದ ಮೇಲೆ ಹೇಳುವ ಯಂತ್ರ

ಶಾಲೆಯೊಂದರ ಪ್ರಾಜೆಕ್ಟ್ ಪ್ರದರ್ಶನದಲ್ಲಿ ಎಂಟನೇ ತರಗತಿಯ ಮಕ್ಕಳು ನೀರಿನ ಪೋಲನ್ನು ಕುರಿತು ತೋರಿಸಿದ ಸ್ಲೈಡುಗಳನ್ನು ನೋಡಿದಂದಿನಿಂದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಲೇ ಇದೆ. ಸ್ಲೈಡುಗಳು ಅಚ್ಚುಕಟ್ಟಾಗಿದ್ದವು. ಬಿರುಕು ಬಿಟ್ಟ ನೆಲದ ಚಿತ್ರ, ಭೂಮಿಯ ಒಟ್ಟು ನೀರಿನಲ್ಲಿ ಸಿಹಿನೀರಿನ ಪಾಲೆಷ್ಟೆಂದು ತೋರಿಸುವ ನಕ್ಷೆ, ಒಂದರ ಹಿಂದೊಂದು ಜಾರಿ ಬರುವ ಪರಿಹಾರಗಳ ಸಾಲುಗಳು, ಎಲ್ಲವೂ ಇದ್ದವು. ಮಕ್ಕಳು ಎಲ್ಲಿಯೂ ತಡವರಿಸದೆ ಮಾತನಾಡಿದರು. ಅವರ ಮಾತು ಮುಗಿದ ಮೇಲೆ, ನಿಮ್ಮ ಶಾಲೆಯಲ್ಲಿ ಸೋರುತ್ತಿರುವ ನಲ್ಲಿ ಯಾವುದು ಎಂದು ಕೇಳಿದೆ. ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಆ ಪ್ರಾಜೆಕ್ಟಿನ ಮೊದಲ ಪುಟದಲ್ಲಿ ‘ಸಮಸ್ಯಾಧಾರಿತ ಕಲಿಕೆ’ ಎಂದು ದಪ್ಪಕ್ಷರಗಳಲ್ಲಿ ಬರೆದಿತ್ತು. ತಂತ್ರಜ್ಞಾನವನ್ನು ಬಳಸಿದ್ದಕ್ಕೆ ಪ್ರತ್ಯೇಕ ಅಂಕಗಳೂ ಇದ್ದವು. ಸಮಸ್ಯೆಯಿತ್ತು, ತಂತ್ರಜ್ಞಾನವೂ ಇತ್ತು. ಆದರೆ ಮುಂದೇನು ಮಾಡುವುದೆಂದು ತೋಚದೆ ಒಂದು ಮಗುವಾದರೂ ನಿಲ್ಲಬೇಕಾಗಿ ಬಂದ ಗಳಿಗೆ ಆ ಇಡೀ ಕೆಲಸದಲ್ಲಿ ಇರಲಿಲ್ಲ.

ಇದಕ್ಕೆ ಮಕ್ಕಳನ್ನು ದೂರುವುದು ನ್ಯಾಯವಲ್ಲ. ಅವರಿಗೆ ಕೊಟ್ಟಿದ್ದು ಒಂದು ವಿಷಯದ ಹೆಸರು, ಜೊತೆಗೆ ಒಂದು ಟ್ಯಾಬ್ಲೆಟ್. ವಿಷಯದ ಹೆಸರನ್ನು ಟೈಪ್ ಮಾಡಿದರೆ ಮಾಹಿತಿಯನ್ನು ಸುರಿಯುವುದು ಯಂತ್ರದ ಕೆಲಸ, ಅದು ಆ ಕೆಲಸವನ್ನು ಮಾಡಿತು. ಸುರಿದದ್ದನ್ನು ಆರಿಸಿ ಜೋಡಿಸುವುದು ಮಕ್ಕಳ ಪಾಲಿಗೆ ಬಂದ ಕೆಲಸ, ಅವರು ಅದನ್ನು ಶ್ರದ್ಧೆಯಿಂದ ಮಾಡಿದರು. ನನ್ನನ್ನು ಕಾಡುವುದು ಬೇರೆ ಸಂಗತಿ. ಸಮಸ್ಯೆಯೊಂದನ್ನು ಮುಂದಿಟ್ಟು ಕಲಿಸುವ ಪದ್ಧತಿಯ ಜೀವ ಇರುವುದು ಮಗು ಸಿಕ್ಕಿಕೊಳ್ಳುವ ಜಾಗದಲ್ಲಿ. ಆ ಜಾಗವನ್ನು ಸಾಧನ ಮಗುವಿನ ಕೈಯಲ್ಲೇ ಉಳಿಸುತ್ತದೆಯೋ ಅಥವಾ ಮಗುವಿಗೆ ಅರಿವಾಗುವ ಮೊದಲೇ ತೆಗೆದುಹಾಕಿಬಿಡುತ್ತದೆಯೋ ಎಂಬುದನ್ನು ನಾವು ಕೇಳುವುದೇ ಅಪರೂಪ. ಯಾವ ಸಾಧನ ಇದೆ, ಎಷ್ಟು ಇವೆ, ಎಷ್ಟು ಹೊತ್ತು ಬಳಸಿದರು ಎಂದು ಮಾತ್ರ ಕೇಳುತ್ತೇವೆ.

ಕಾರ್ಡುಗಳ ಕಟ್ಟು

ಸಮಸ್ಯಾಧಾರಿತ ಕಲಿಕೆ ಇಂದು ನಾವು ಬಳಸುವ ಅರ್ಥದಲ್ಲಿ ರೂಪುಗೊಂಡದ್ದು ವೈದ್ಯಕೀಯ ಶಿಕ್ಷಣದಲ್ಲಿ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು 1969ರಲ್ಲಿ ತನ್ನ ಮೊದಲ ತಂಡದ ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಉಪನ್ಯಾಸ ಕೊಟ್ಟು ಆಮೇಲೆ ರೋಗಿಯನ್ನು ತೋರಿಸುವ ರೂಢಿಯನ್ನು ಕೈಬಿಟ್ಟು, ಸಣ್ಣ ಗುಂಪುಗಳಲ್ಲಿ ಕೂರಿಸಿ ರೋಗಿಯ ಸಮಸ್ಯೆಯನ್ನೇ ಮೊದಲು ಮುಂದಿಟ್ಟಿತು. ಈ ಚರಿತ್ರೆಯನ್ನು ಶಿಕ್ಷಕರ ತರಬೇತಿಗಳಲ್ಲಿ ಎಲ್ಲರೂ ಕೇಳಿರುತ್ತಾರೆ. ಕೇಳದೆ ಉಳಿದಿರಬಹುದಾದ ಒಂದು ಸಣ್ಣ ಸಂಗತಿ ಇದೆ, ನನಗೆ ಅದೇ ಹೆಚ್ಚು ಮುಖ್ಯವೆನಿಸುತ್ತದೆ. ಈ ಪದ್ಧತಿಯನ್ನು ಬೆಳೆಸಿದವರಲ್ಲಿ ಪ್ರಮುಖರಾದ ನರರೋಗತಜ್ಞ ಹೋವರ್ಡ್ ಬ್ಯಾರೋಸ್ ಮತ್ತು ಅವರ ಸಹೋದ್ಯೋಗಿ ರಾಬಿನ್ ಟ್ಯಾಂಬ್ಲಿನ್ 1970ರ ದಶಕದಲ್ಲಿ ಒಂದು ಕಾರ್ಡುಗಳ ಕಟ್ಟನ್ನು ಮಾಡಿದರು. ಅದರಲ್ಲಿ ಒಬ್ಬ ರೋಗಿಯ ಇಡೀ ಪ್ರಕರಣ ಇರುತ್ತಿತ್ತು. ಪ್ರತಿ ಕಾರ್ಡಿನ ಮುಂಭಾಗದಲ್ಲಿ ವೈದ್ಯರು ಕೇಳಬಹುದಾದ ಒಂದು ಪ್ರಶ್ನೆ, ಮಾಡಬಹುದಾದ ಒಂದು ದೈಹಿಕ ಪರೀಕ್ಷೆ ಅಥವಾ ಬರೆದುಕೊಡಬಹುದಾದ ಒಂದು ಪ್ರಯೋಗಾಲಯದ ಪರೀಕ್ಷೆ. ಹಿಂಭಾಗದಲ್ಲಿ ಅದರ ಫಲಿತಾಂಶ. ವಿದ್ಯಾರ್ಥಿ ಏನನ್ನು ತಿಳಿಯಬೇಕೆಂದು ತಾನೇ ನಿರ್ಧರಿಸಿ ಕಾರ್ಡನ್ನು ಎತ್ತಿಕೊಳ್ಳಬೇಕು, ಆಮೇಲಷ್ಟೇ ತಿರುಗಿಸಿ ಓದಬೇಕು. ಎತ್ತದ ಕಾರ್ಡು ಏನನ್ನೂ ಹೇಳುವುದಿಲ್ಲ.

ಇದನ್ನು ನಾನು ತಂತ್ರಜ್ಞಾನವೆಂದೇ ಕರೆಯುತ್ತೇನೆ. ವಿದ್ಯುತ್ತಿಲ್ಲ, ಪರದೆಯಿಲ್ಲ, ಆದರೆ ಕಲಿಕೆಗೆ ಬೇಕಾದ ಒಂದು ಗುಣವನ್ನು ಬಹಳ ಯೋಚಿಸಿ ಅದರೊಳಗೆ ಕೂರಿಸಿದ್ದಾರೆ. ಮಾಹಿತಿ ಅಲ್ಲಿಯೇ ಇದೆ, ಕೈಗೆಟುಕುವಷ್ಟು ಹತ್ತಿರದಲ್ಲಿದೆ, ಆದರೂ ಪ್ರಶ್ನೆ ಹುಟ್ಟುವವರೆಗೆ ಮಗುಚಿಕೊಂಡೇ ಇರುತ್ತದೆ. ವಿದ್ಯಾರ್ಥಿ ಯಾವ ಕ್ರಮದಲ್ಲಿ ಕಾರ್ಡುಗಳನ್ನು ಎತ್ತಿದ ಎಂಬುದನ್ನು ನೋಡಿದರೆ ಅವನ ಯೋಚನೆಯ ಜಾಡು ಸಿಗುತ್ತದೆ. ಬೇಡದ ಪರೀಕ್ಷೆಯನ್ನು ಮಾಡಿಸಿದ್ದು, ಕೇಳಬೇಕಾದದ್ದನ್ನು ಕೇಳದೆ ಬಿಟ್ಟದ್ದು, ಎರಡೂ ಕಾಣುತ್ತವೆ.

ಶಾಲೆಯ ಮಟ್ಟದಲ್ಲಿ ಇದೇ ಗುಣವನ್ನು ಬೇರೊಂದು ರೂಪದಲ್ಲಿ ತಂದವರು ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು. 1990ರ ಆಸುಪಾಸಿನಲ್ಲಿ ಜಾನ್ ಬ್ರ್ಯಾನ್ಸ್‌ಫರ್ಡ್ ಮತ್ತು ಸಂಗಡಿಗರು ಗಣಿತದ ಸಮಸ್ಯೆಗಳನ್ನು ಕಿರು ಕಥಾಚಿತ್ರಗಳಾಗಿ ವಿಡಿಯೋ ಡಿಸ್ಕಿನಲ್ಲಿ ಸಿದ್ಧಪಡಿಸಿದರು. ಒಂದು ಕಥೆಯಲ್ಲಿ, ವಾಹನ ಹೋಗಲಾಗದ ದೂರದ ಬಯಲಿನಲ್ಲಿ ಗಾಯಗೊಂಡು ಬಿದ್ದ ಹದ್ದನ್ನು ಎಷ್ಟು ಬೇಗ ಚಿಕಿತ್ಸೆಗೆ ತರಬಹುದು ಎಂಬುದು ಸಮಸ್ಯೆ. ಹಗುರ ವಿಮಾನ ಎಷ್ಟು ಭಾರ ಹೊರಬಲ್ಲದು, ಇಂಧನ ಎಷ್ಟು ಹಿಡಿಸುತ್ತದೆ, ಯಾವ ಊರಿನಿಂದ ಎಲ್ಲಿಗೆ ಎಷ್ಟು ದೂರ ಎಂಬ ವಿವರಗಳೆಲ್ಲ ಪಾತ್ರಗಳ ಮಾತಿನ ನಡುವೆ ಚದುರಿರುತ್ತವೆ. ಕಥೆ ಸವಾಲಿನ ಜಾಗಕ್ಕೆ ಬಂದು ನಿಲ್ಲುತ್ತದೆ, ಬಿಡಿಸಬೇಕಾದವರು ಮಕ್ಕಳು. ಪಠ್ಯಪುಸ್ತಕದ ಲೆಕ್ಕದಲ್ಲಿ ಬೇಕಾದ ಅಂಕಿಗಳೆಲ್ಲ ಒಂದೇ ವಾಕ್ಯದಲ್ಲಿ ಇರುತ್ತವೆ, ಬೇಡದ್ದು ಒಂದೂ ಇರುವುದಿಲ್ಲ. ಇಲ್ಲಿ ಹಾಗಲ್ಲ, ಯಾವ ಅಂಕಿ ಬೇಕೆಂದು ಮೊದಲು ಗೊತ್ತಾಗಬೇಕು, ಆಮೇಲೆ ಅದು ಕಥೆಯ ಯಾವ ಭಾಗದಲ್ಲಿತ್ತೆಂದು ನೆನಪಿಸಿಕೊಂಡು ಹಿಂದಕ್ಕೆ ಹೋಗಿ ನೋಡಬೇಕು. ಟೇಪಿನಲ್ಲಾದರೆ ಹಿಂದಕ್ಕೂ ಮುಂದಕ್ಕೂ ಸುತ್ತುತ್ತಾ ಹುಡುಕಬೇಕಿತ್ತು; ಡಿಸ್ಕಿನಲ್ಲಿ ಬೇಕಾದ ದೃಶ್ಯಕ್ಕೆ ನೇರವಾಗಿ ಹೋಗಬಹುದಿತ್ತು. ಆ ಕಾಲದ ಹೊಸ ಸಾಧನವನ್ನು ಅವರು ಆರಿಸಿಕೊಂಡದ್ದು ಈ ಒಂದು ಅನುಕೂಲವನ್ನು ಲೆಕ್ಕಕ್ಕೆ ತೆಗೆದುಕೊಂಡೇ. ಹುಡುಕುವ ಶ್ರಮ ಕಡಿಮೆಯಾಯಿತು, ಯಾವುದನ್ನು ಹುಡುಕಬೇಕು ಎಂದು ಯೋಚಿಸುವ ಶ್ರಮ ಮಕ್ಕಳಲ್ಲೇ ಉಳಿಯಿತು.

ಈ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಇಂದಿನ ತರಗತಿಯನ್ನು ನೋಡಿದರೆ ನನಗೆ ಕಳವಳವಾಗುತ್ತದೆ. ಇಂದಿನ ಸಾಧನಗಳು ಕೇಳುವ ಮೊದಲೇ ಹೇಳುತ್ತವೆ. ಅರ್ಧ ಪ್ರಶ್ನೆಯನ್ನು ಟೈಪ್ ಮಾಡುವಷ್ಟರಲ್ಲಿ ಉಳಿದರ್ಧವನ್ನು ತಾವೇ ಬರೆದು, ಉತ್ತರವನ್ನೂ ಪರದೆಯ ಮೇಲ್ಭಾಗದಲ್ಲಿ ಇಟ್ಟಿರುತ್ತವೆ. ದೊಡ್ಡವರ ಕೆಲಸಕ್ಕೆ ಇದರಿಂದ ಎಷ್ಟೋ ಉಪಕಾರವಾಗಿದೆ. ಪ್ರಶ್ನೆ ಕೇಳುವುದನ್ನೇ ಇನ್ನೂ ಕಲಿಯುತ್ತಿರುವ ಮಗುವಿಗೆ ಅದು ಕಲಿಯಬೇಕಾದದ್ದನ್ನೇ ತಪ್ಪಿಸುತ್ತದೆ.

ಹನಿಯ ಗಾತ್ರ

ಇದಕ್ಕೆ ತೀರ ಬೇರೆಯಾದ ಒಂದು ತರಗತಿಯನ್ನೂ ನಾನು ನೋಡಿದ್ದೇನೆ. ಅಲ್ಲಿಯೂ ವಿಷಯ ನೀರೇ. ಆದರೆ ವಿಜ್ಞಾನದ ಶಿಕ್ಷಕಿ ವಿಷಯದ ಹೆಸರನ್ನು ಹೇಳಲಿಲ್ಲ. ಮಕ್ಕಳನ್ನು ಕೈ ತೊಳೆಯುವ ಜಾಗಕ್ಕೆ ಕರೆದುಕೊಂಡು ಹೋಗಿ, ಕೊನೆಯ ನಲ್ಲಿಯನ್ನು ತೋರಿಸಿ, ಇದರಿಂದ ಒಂದು ದಿನಕ್ಕೆ ಎಷ್ಟು ನೀರು ಹೋಗುತ್ತದೆ ಎಂದು ಕೇಳಿ ಸುಮ್ಮನಾದರು. ಮಕ್ಕಳು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮೊಬೈಲಿನ ಗಡಿಯಾರ ನೋಡಿ ಒಂದು ನಿಮಿಷಕ್ಕೆ ಎಷ್ಟು ಹನಿ ಎಂದು ಎಣಿಸಿದರು, ಸೆಕೆಂಡಿಗೆ ಒಂದರಂತೆ ಬೀಳುತ್ತಿತ್ತು. ಹಾಗಾದರೆ ದಿನಕ್ಕೆ 86,400 ಹನಿ. ಒಂದು ಹನಿಯಲ್ಲಿ ಎಷ್ಟು ನೀರಿರುತ್ತದೆ ಎಂಬುದನ್ನು ತರಗತಿಗೆ ಮರಳಿ ಗುಂಪುಗುಂಪಾಗಿ ಇಂಟರ್ನೆಟ್ಟಿನಲ್ಲಿ ಹುಡುಕಿದರು. ಒಂದು ಗುಂಪಿಗೆ 20 ಹನಿಗೆ 1 ಮಿಲಿಲೀಟರ್ ಎಂಬ ಲೆಕ್ಕ ಸಿಕ್ಕಿತು, ಅವರ ಉತ್ತರ ಸುಮಾರು 4.3 ಲೀಟರ್. ಇನ್ನೊಂದು ಗುಂಪಿಗೆ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಕೊಟ್ಟಿರುವ ಲೀಟರಿಗೆ 4,000 ಹನಿ ಎಂಬ ಲೆಕ್ಕ ಸಿಕ್ಕಿತು, ಅವರ ಉತ್ತರ 21.6 ಲೀಟರ್. ಎರಡೂ ಗುಂಪಿನ ಗುಣಾಕಾರ ಸರಿಯಾಗಿತ್ತು. ಎರಡರ ಮೂಲಗಳೂ ನಂಬಬಹುದಾದವೇ. ಉತ್ತರಗಳ ನಡುವೆ ಐದು ಪಟ್ಟು ಅಂತರ.

ಕಪ್ಪು ಹಲಗೆಯ ಮೇಲೆ ಎರಡೂ ಸಂಖ್ಯೆಗಳನ್ನು ಅಕ್ಕಪಕ್ಕ ಬರೆದು ಶಿಕ್ಷಕಿ ಮತ್ತೆ ಸುಮ್ಮನಾದರು. ಆ ಮೌನ ಸಾಕಷ್ಟು ದೀರ್ಘವಾಗಿತ್ತು. ಉತ್ತರ ಗೊತ್ತಿದ್ದೂ ಹೇಳದಿರುವುದು ಎಷ್ಟು ಕಷ್ಟವೆಂದು ಪಾಠ ಮಾಡಿದವರಿಗೆಲ್ಲ ಗೊತ್ತು. ಮಕ್ಕಳು ಮೊದಲು, ಯಾವ ಮೂಲ ಸರಿ ಎಂದು ವಾದಿಸಿದರು. ಆಮೇಲೆ ಯಾರೋ ಒಬ್ಬರು, ಎರಡೂ ಸರಿಯಿರಬಹುದಲ್ಲ, ಹನಿಯೇ ಬೇರೆಯಿರಬಹುದಲ್ಲ ಎಂದರು. ಅಲ್ಲಿಂದ ಪಾಠದ ದಿಕ್ಕೇ ಬದಲಾಯಿತು. ಪ್ರಯೋಗಾಲಯದಿಂದ ಅಳತೆಯ ಜಾಡಿ ಬಂತು, ನಲ್ಲಿಯ ಕೆಳಗೆ ಹಿಡಿದು 100 ಹನಿ ಎಣಿಸಿದರು, 21 ಮಿಲಿಲೀಟರ್ ನೀರು ಸಿಕ್ಕಿತು. ಅಂದರೆ ದಿನಕ್ಕೆ ಸುಮಾರು 18 ಲೀಟರ್. ಔಷಧ ಹಾಕುವ ಡ್ರಾಪರಿನಿಂದ ಅದೇ 100 ಹನಿಯನ್ನು ಹಾಕಿ ನೋಡಿದಾಗ ಜಾಡಿಯ ತಳವಷ್ಟೇ ತುಂಬಿತು.

ಮೊಬೈಲ್ ನಿಜವಾಗಿ ಕೆಲಸಕ್ಕೆ ಬಂದದ್ದು ಇಲ್ಲಿ. ಹನಿ ಬೀಳುವುದನ್ನು ನಿಧಾನಗತಿಯ ವಿಡಿಯೋದಲ್ಲಿ ಸೆರೆಹಿಡಿದು ಎರಡನ್ನೂ ನೋಡಿದರು. ನಲ್ಲಿಯ ಅಗಲವಾದ ಬಾಯಿಯ ಅಂಚನ್ನು ಹಿಡಿದು ನೀರು ಊದಿಕೊಳ್ಳುತ್ತಾ ಹೋಗಿ, ಭಾರ ತಾಳಲಾರದಾದಾಗ ಮೇಲೆ ಕತ್ತಿನಂತೆ ಸಣ್ಣಗಾಗಿ ಕಳಚಿಕೊಳ್ಳುತ್ತಿತ್ತು. ಡ್ರಾಪರಿನ ಕಿರಿದಾದ ತುದಿಯಲ್ಲಿ ಹನಿ ದೊಡ್ಡದಾಗುವ ಮೊದಲೇ ಬಿದ್ದುಬಿಡುತ್ತಿತ್ತು. ಬರಿಗಣ್ಣಿಗೆ ಸಿಗದ ಆ ಕತ್ತನ್ನು ಪರದೆಯ ಮೇಲೆ ನಿಲ್ಲಿಸಿ ನೋಡಿದ ಮೇಲೆ, ಹನಿಯನ್ನು ಹಿಡಿದಿಡುವ ಶಕ್ತಿ ಬಾಯಿಯ ಸುತ್ತಳತೆಗೆ ತಕ್ಕಂತೆ ಇರುತ್ತದೆ ಎಂಬ ಮಾತನ್ನು ಶಿಕ್ಷಕಿ ಹೇಳಿದರು. 1864ರಲ್ಲಿ ಥಾಮಸ್ ಟೇಟ್ ಎಂಬವರು ಇದನ್ನೇ ನಿಯಮವಾಗಿ ಹೇಳಿದ್ದರು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ಸಾಮಾನ್ಯ ನಳಿಕೆಗಳಲ್ಲಿ 20 ಹನಿಗೆ 1 ಮಿಲಿಲೀಟರ್ ಆಗುವಂಥವೂ ಇವೆ, ಸೂಕ್ಷ್ಮ ನಳಿಕೆಯಲ್ಲಿ 60 ಹನಿ ಬೇಕು. ನಳಿಕೆಯ ಬಾಯಿಯನ್ನು ಬದಲಿಸಿಯೇ ಹನಿಯ ಗಾತ್ರವನ್ನು ನಿಗದಿ ಮಾಡುತ್ತಾರೆ. ಪಠ್ಯದಲ್ಲಿ ‘ಮೇಲ್ಮೈ ಎಳೆತ’ ಎಂಬ ಶೀರ್ಷಿಕೆಯ ಕೆಳಗೆ ನೀರಸವಾಗಿ ಮಲಗಿರುವ ಸಂಗತಿ ಅಂದು ಆ ಮಕ್ಕಳಿಗೆ ತುರ್ತಾಗಿ ಬೇಕಾಗಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಮಧ್ಯಾಹ್ನ ಮತ್ತೆ ಎಣಿಸಿದಾಗ ಹನಿಗಳ ವೇಗ ಕಡಿಮೆಯಾಗಿತ್ತು. ಮೇಲಿನ ಟ್ಯಾಂಕಿನಲ್ಲಿ ನೀರು ಇಳಿದಂತೆ ಒತ್ತಡ ಇಳಿಯುತ್ತದೆ, ಹಾಗಾಗಿ ಬೆಳಗಿನ ಒಂದು ನಿಮಿಷದ ಲೆಕ್ಕವನ್ನು ಇಡೀ ದಿನಕ್ಕೆ ಹಿಗ್ಗಿಸಲಾಗದು ಎಂಬಲ್ಲಿಗೆ ಚರ್ಚೆ ಬಂತು. ಗಂಟೆಗೊಮ್ಮೆ ಎಣಿಸೋಣ ಎಂದರು. ರಾತ್ರಿ ಯಾರು ಎಣಿಸುತ್ತಾರೆ? ಮೊಬೈಲನ್ನು ಇಡೀ ರಾತ್ರಿ ವಿಡಿಯೋ ಹಾಕಿ ಇಟ್ಟರೆ ಹೇಗೆ, ಹನಿಗಳನ್ನು ತಾನೇ ಎಣಿಸುವ ಆ್ಯಪ್ ಸಿಗುತ್ತದೆಯೇ ಎಂದು ಒಂದು ಗುಂಪು ಹುಡುಕಲು ಶುರುಮಾಡಿತು. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಮಿಸ್, ನಲ್ಲಿ ಕೆಳಗೆ ಬಕೆಟ್ ಇಟ್ಟುಬಿಟ್ರೆ ಹನಿ ಎಣಿಸೋದೇ ಬೇಡ ಅಲ್ವಾ? ಬೆಳಿಗ್ಗೆ ಬಂದು ನೀರು ಅಳೆದ್ರೆ ಆಯ್ತು” ಎಂದಳು. ತರಗತಿಯೆಲ್ಲ ಒಮ್ಮೆಲೇ ಹೌದಲ್ಲ ಎಂದಿತು. ನನ್ನ ಮಟ್ಟಿಗೆ ತಂತ್ರಜ್ಞಾನದ ಅಳವಡಿಕೆ ಎಂಬುದರ ಅತ್ಯುತ್ತಮ ಉದಾಹರಣೆ ಅದೇ. ಇರುವ ಸಾಧನಗಳಲ್ಲಿ ಯಾವುದು ಯಾವ ಪ್ರಶ್ನೆಗೆ ತಕ್ಕದ್ದು ಎಂದು ಆ ಹುಡುಗಿ ತೂಗಿ ನೋಡಿದ್ದಳು. ಹನಿ ಕಳಚುವುದನ್ನು ನೋಡಲು ಕ್ಯಾಮೆರಾ ಬೇಕು, ರಾತ್ರಿಯ ನೀರನ್ನು ಅಳೆಯಲು ಬಕೆಟ್ ಸಾಕು.

ಸೆನ್ಸರ್ ಮತ್ತು ಬಿಸಿಲು

ಇನ್ನೊಂದು ಪ್ರಸಂಗ ಸ್ವಲ್ಪ ದುಬಾರಿ ಸಾಧನದ್ದು. ಒಂದೇ ಅಳತೆಯ ಎರಡು ಕೊಠಡಿಗಳಲ್ಲಿ ಒಂದು ಮಾತ್ರ ಮಧ್ಯಾಹ್ನದ ಹೊತ್ತಿಗೆ ಏಕೆ ಬೇಯುತ್ತದೆ ಎಂಬುದು ಸಮಸ್ಯೆ. ನಿಮಿಷಕ್ಕೊಮ್ಮೆ ಉಷ್ಣತೆಯನ್ನು ತಾನೇ ದಾಖಲಿಸುವ ಸೆನ್ಸರುಗಳನ್ನು ಎರಡೂ ಕೊಠಡಿಗಳಲ್ಲಿ ಇಟ್ಟಿದ್ದರು, ರೇಖಾಚಿತ್ರ ಕಂಪ್ಯೂಟರಿನಲ್ಲಿ ಬರುತ್ತಿತ್ತು. ಒಂದು ಕೊಠಡಿಯ ರೇಖೆ ಬೆಳಿಗ್ಗೆ ಹನ್ನೊಂದು ದಾಟಿದ ಮೇಲೆ 29 ಡಿಗ್ರಿಯಿಂದ 38ಕ್ಕೆ ಜಿಗಿದು, ಸ್ವಲ್ಪ ಹೊತ್ತು ಅಲ್ಲಿದ್ದು, ಮತ್ತೆ ಕೆಳಗಿಳಿದಿತ್ತು. ಬಹುತೇಕ ಮಕ್ಕಳು ಅದನ್ನು ಗಮನಿಸದೆ ಸ್ಪ್ರೆಡ್‌ಶೀಟಿನಲ್ಲಿ ಸರಾಸರಿಯನ್ನು ತೆಗೆದರು. ಯಂತ್ರ ದಶಮಾಂಶದವರೆಗೆ ಉತ್ತರ ಕೊಟ್ಟಿತು. ಒಬ್ಬ ಹುಡುಗ ಮಾತ್ರ ಒಪ್ಪಲಿಲ್ಲ. ಆ ಹೊತ್ತಿನಲ್ಲಿ ನಾವೆಲ್ಲ ಅದೇ ಕೊಠಡಿಯಲ್ಲಿ ಕೂತಿದ್ದೆವು, ಒಂಬತ್ತು ಡಿಗ್ರಿ ಏರಿದ್ದರೆ ನಮಗೆ ಗೊತ್ತಾಗುತ್ತಿರಲಿಲ್ಲವೇ ಎಂಬುದು ಅವನ ವಾದ. ಮರುದಿನ ಅದೇ ಹೊತ್ತಿಗೆ ನಾಲ್ಕಾರು ಮಕ್ಕಳು ಸೆನ್ಸರಿನ ಸುತ್ತ ನಿಂತರು. ಮೇಲಿನ ಗವಾಕ್ಷಿಯಿಂದ ಬಿದ್ದ ಅಂಗೈಯಗಲದ ಬಿಸಿಲು ಮೇಜಿನ ಮೇಲೆ ಮೆಲ್ಲಗೆ ಸರಿಯುತ್ತಾ ಬಂದು ಸೆನ್ಸರನ್ನು ಮುಟ್ಟಿತು. ಪರದೆಯಲ್ಲಿ ರೇಖೆ ಏರತೊಡಗಿತು. ಬಿಸಿಲು ದಾಟಿ ಹೋಯಿತು, ರೇಖೆ ಇಳಿಯಿತು.

ಅವರು ಅಳೆಯುತ್ತಿದ್ದದ್ದು ಕೊಠಡಿಯ ಗಾಳಿಯ ಉಷ್ಣತೆಯನ್ನಲ್ಲ, ಬಿಸಿಲು ತಾಗಿ ಕಾದ ಸೆನ್ಸರಿನ ಉಷ್ಣತೆಯನ್ನು. ಮಕ್ಕಳು ಬಿಳಿಯ ರಟ್ಟನ್ನು ಬಗ್ಗಿಸಿ, ಗಾಳಿಯಾಡುವಂತೆ ತೂತು ಮಾಡಿ ಅದಕ್ಕೊಂದು ಮರೆ ಕಟ್ಟಿದರು. ಅದಾದ ಮೇಲೆ ಅವರ ಶಿಕ್ಷಕರು ಹವಾಮಾನ ಕೇಂದ್ರಗಳಲ್ಲಿರುವ ಬಿಳಿಯ ಪೆಟ್ಟಿಗೆಯ ಚಿತ್ರವನ್ನು ತೋರಿಸಿದರು. ಪಟ್ಟಿಪಟ್ಟಿಯಾದ ಗೋಡೆಗಳಿರುವ ಆ ಪೆಟ್ಟಿಗೆಯನ್ನು ಹತ್ತೊಂಬತ್ತನೇ ಶತಮಾನದಲ್ಲಿ ರೂಪಿಸಿದವರು ಥಾಮಸ್ ಸ್ಟೀವನ್‌ಸನ್ ಎಂಬ ಎಂಜಿನಿಯರ್. ಗಾಳಿಯ ಉಷ್ಣತೆಯನ್ನು ನೆಲದಿಂದ 1.25ರಿಂದ 2 ಮೀಟರ್ ಎತ್ತರದಲ್ಲಿ, ನೇರ ಬಿಸಿಲು ತಾಗದಂತೆ ಅಳೆಯಬೇಕೆಂಬುದು ವಿಶ್ವ ಹವಾಮಾನ ಸಂಸ್ಥೆಯ ನಿಯಮ. ಪಾಠದ ಮೊದಲಲ್ಲೇ ಆ ಚಿತ್ರವನ್ನು ತೋರಿಸಿದ್ದರೆ ಮಕ್ಕಳು ಟಿಪ್ಪಣಿ ಬರೆದುಕೊಂಡು ಮುಂದೆ ಹೋಗುತ್ತಿದ್ದರು. ತಾವು ರಟ್ಟಿನಲ್ಲಿ ಮಾಡಿದ್ದನ್ನೇ ಮರದಲ್ಲಿ ಕಂಡಾಗ ಅವರ ಮುಖದಲ್ಲಿ ಮೂಡಿದ ಗುರುತು ಹಿಡಿದ ಸಂತೋಷವನ್ನು ನಾನು ಮರೆಯಲಾರೆ.

ಸೆನ್ಸರ್ ಇಲ್ಲದಿದ್ದರೆ ಆ ಜಿಗಿತ ಕಾಣಿಸುತ್ತಲೇ ಇರಲಿಲ್ಲ. ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿ ಬರೆದಿದ್ದರೆ ಅದು ಎರಡು ಓದುವಿಕೆಗಳ ನಡುವೆ ಬಂದು ಹೋಗುತ್ತಿತ್ತು. ಅದು ಯಂತ್ರದ ಉಪಕಾರ. ಆದರೆ ಜಿಗಿತ ಅನುಮಾನಾಸ್ಪದವೆಂದು ಸೆನ್ಸರಿಗೆ ಅನಿಸಲಿಲ್ಲ, ಸ್ಪ್ರೆಡ್‌ಶೀಟಿಗೂ ಅನಿಸಲಿಲ್ಲ. ಅದನ್ನು ಅನುಮಾನಿಸಲು ಆ ಕೊಠಡಿಯಲ್ಲಿ ಕೂತು ಸೆಕೆ ಅನುಭವಿಸಿದ ಮೈ ಬೇಕಾಯಿತು.

ಗಣಕದ ಮೇಲಿನ ಅಣಕು ಪ್ರಯೋಗಗಳ ಬಗ್ಗೆ ನನಗಿರುವ ಮೆಚ್ಚುಗೆ ಮತ್ತು ಅನುಮಾನ ಎರಡೂ ಇಲ್ಲಿಂದಲೇ ಬಂದವು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೈಮನ್ 2002ರಲ್ಲಿ ಆರಂಭಿಸಿದ ಫೆಟ್ ಯೋಜನೆಯ ಪ್ರಯೋಗಗಳನ್ನು ಯಾರೂ ಉಚಿತವಾಗಿ ಬಳಸಬಹುದು. ಅದರಲ್ಲಿ ಮಗು ಬ್ಯಾಟರಿಯ ಎರಡು ತುದಿಗಳನ್ನೂ ನೇರವಾಗಿ ತಂತಿಯಿಂದ ಜೋಡಿಸಿದರೆ ಬೆಂಕಿ ಹೊತ್ತಿಕೊಂಡ ಚಿತ್ರ ಬರುತ್ತದೆ. ಯಾರಿಗೂ ಅಪಾಯವಿಲ್ಲದೆ ಹತ್ತು ಬಗೆಯಲ್ಲಿ ಜೋಡಿಸಿ ನೋಡಬಹುದು. ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದುದನ್ನು ಹಾಗೇ ಇಡುವ ಶಿಸ್ತನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಅಣಕು ಪ್ರಯೋಗದಲ್ಲಿ ಇರುವುದು ಅದನ್ನು ಮಾಡಿದವರು ಇಟ್ಟದ್ದು ಮಾತ್ರ. ಅಲ್ಲಿ ಗವಾಕ್ಷಿಯಿಂದ ಅನಿರೀಕ್ಷಿತವಾಗಿ ಬಿಸಿಲು ಬೀಳುವುದಿಲ್ಲ. ನಿಜವಾದ ಸಮಸ್ಯೆಗೆ ಕೈಹಾಕುವ ಮೊದಲು ಅಥವಾ ನಡುವೆ ಅದನ್ನು ಬಳಸಬೇಕು. ಸಮಸ್ಯೆಯ ಬದಲಿಗೆ ಬಳಸಿದರೆ ನಷ್ಟ.

ಎಷ್ಟು ಹೇಳಬೇಕು

ಈ ಪದ್ಧತಿಯ ವಿರುದ್ಧವಿರುವ ಗಂಭೀರ ಟೀಕೆಯನ್ನು ಬದಿಗಿಟ್ಟು ಮಾತನಾಡುವುದು ಸರಿಯಲ್ಲ. 2006ರಲ್ಲಿ ಪಾಲ್ ಕಿರ್ಷ್ನರ್, ಜಾನ್ ಸ್ವೆಲ್ಲರ್ ಮತ್ತು ರಿಚರ್ಡ್ ಕ್ಲಾರ್ಕ್ ಬರೆದ ಪ್ರಬಂಧವೊಂದು, ಕನಿಷ್ಠ ಮಾರ್ಗದರ್ಶನದ ಬೋಧನೆಗಳೆಲ್ಲ, ಸಮಸ್ಯಾಧಾರಿತ ಕಲಿಕೆಯೂ ಸೇರಿದಂತೆ, ಹೊಸಬರಿಗೆ ಫಲಕಾರಿಯಲ್ಲ ಎಂದು ವಾದಿಸಿತು. ಮನುಷ್ಯನ ಮನಸ್ಸು ಒಂದು ಹೊತ್ತಿನಲ್ಲಿ ಹಿಡಿದಿಟ್ಟುಕೊಳ್ಳಬಲ್ಲದ್ದು ಬಹಳ ಕಡಿಮೆ. ವಿಷಯದ ಬುನಾದಿಯೇ ಇಲ್ಲದ ಮಗುವನ್ನು ತೆರೆದ ಸಮಸ್ಯೆಯ ಮುಂದೆ ನಿಲ್ಲಿಸಿದರೆ ಆ ಅಲ್ಪ ಸಾಮರ್ಥ್ಯ ದಾರಿ ಹುಡುಕುವುದರಲ್ಲೇ ಖರ್ಚಾಗಿ, ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ ಎಂಬುದು ಅವರ ತರ್ಕ. ಮರುವರ್ಷ ಸಿಂಡಿ ಮೆಲೊ-ಸಿಲ್ವರ್ ಮತ್ತು ಇಬ್ಬರು ಸಂಗಡಿಗರು ಉತ್ತರ ಬರೆದು, ಸರಿಯಾಗಿ ನಡೆಸಿದ ಸಮಸ್ಯಾಧಾರಿತ ಕಲಿಕೆಯಲ್ಲಿ ಹೆಜ್ಜೆಹೆಜ್ಜೆಗೂ ಆಸರೆ ಇರುತ್ತದೆ, ಅದನ್ನು ಮಾರ್ಗದರ್ಶನವಿಲ್ಲದ ಪದ್ಧತಿಗಳ ಸಾಲಿಗೆ ಸೇರಿಸಿದ್ದೇ ತಪ್ಪು ಎಂದರು. ಮನು ಕಪೂರ್ ಅವರು 2008ರಿಂದ ಈಚೆಗೆ ಪ್ರಕಟಿಸುತ್ತ ಬಂದ ಅಧ್ಯಯನಗಳು ನಡುವಿನ ಒಂದು ದಾರಿಯನ್ನು ತೋರಿಸುತ್ತವೆ: ಮೊದಲು ಮಕ್ಕಳು ತಮಗೆ ತೋಚಿದಂತೆ ಪ್ರಯತ್ನಿಸಿ ಎಡವಲಿ, ಆಮೇಲೆ ಶಿಕ್ಷಕರು ನೇರವಾಗಿ, ಸ್ಪಷ್ಟವಾಗಿ ಹೇಳಿಕೊಡಲಿ.

ನಾನು ನೋಡಿದ ತರಗತಿಗಳಲ್ಲಿ ಈ ಟೀಕೆ ನಿಜವಾದದ್ದನ್ನೂ ಕಂಡಿದ್ದೇನೆ. ಮಕ್ಕಳಿಗೆ ಸಾಧನ ಕೊಟ್ಟು, ಪ್ರಾಜೆಕ್ಟ್ ಮಾಡಿ ಎಂದು ಹೇಳಿ, ಶಿಕ್ಷಕರು ದೂರ ಸರಿದು ನಿಲ್ಲುವುದನ್ನೇ ಸ್ವಾತಂತ್ರ್ಯವೆಂದು ತಿಳಿದ ತರಗತಿಗಳವು. ಅಲ್ಲಿ ಮೊದಲೇ ಗೊತ್ತಿದ್ದ ಮಗು ಎಲ್ಲವನ್ನೂ ಮಾಡುತ್ತದೆ, ಉಳಿದವರು ಶೀರ್ಷಿಕೆಗೆ ಬಣ್ಣ ಆರಿಸುತ್ತಾರೆ. ಹನಿಯ ತರಗತಿಯ ಶಿಕ್ಷಕಿ ಸುಮ್ಮನಿದ್ದರು ನಿಜ, ಆದರೆ ದೂರ ಸರಿದಿರಲಿಲ್ಲ. ಯಾವ ನಲ್ಲಿಯನ್ನು ತೋರಿಸಬೇಕು, ಯಾವ ಎರಡು ಉತ್ತರಗಳನ್ನು ಅಕ್ಕಪಕ್ಕ ಬರೆಯಬೇಕು, ಮೇಲ್ಮೈ ಎಳೆತವನ್ನು ಯಾವ ಗಳಿಗೆಯಲ್ಲಿ ಹೇಳಬೇಕು ಎಂಬುದೆಲ್ಲ ಅವರ ತೀರ್ಮಾನ. ಯಂತ್ರಕ್ಕೆ ಇದು ಇನ್ನೂ ಬಂದಿಲ್ಲ.

ಸಾಧನಗಳ ಸಂಖ್ಯೆ ಹೆಚ್ಚಿದಷ್ಟೂ ಕಲಿಕೆ ಹೆಚ್ಚುತ್ತದೆ ಎಂಬ ನಂಬಿಕೆಗೆ ಆಧಾರ ಸಿಕ್ಕಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಲವು ದೇಶಗಳ ಹದಿನೈದು ವರ್ಷದ ವಿದ್ಯಾರ್ಥಿಗಳಿಗೆ ನಡೆಸುವ ಪೀಸಾ ಪರೀಕ್ಷೆಯ 2012ರ ಅಂಕಿಅಂಶಗಳನ್ನು ಆಧರಿಸಿ, ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ (ಒಇಸಿಡಿ) 2015ರಲ್ಲಿ ಹೊರತಂದ ವರದಿಯ ಪ್ರಕಾರ, ಶಾಲೆಗಳ ಗಣಕೀಕರಣಕ್ಕೆ ಧಾರಾಳವಾಗಿ ಹಣ ಹೂಡಿದ ದೇಶಗಳಲ್ಲಿ ಓದು, ಗಣಿತ, ವಿಜ್ಞಾನದ ಫಲಿತಾಂಶಗಳು ಗಮನಾರ್ಹವಾಗಿ ಸುಧಾರಿಸಿರಲಿಲ್ಲ. ಶಾಲೆಯಲ್ಲಿ ಕಂಪ್ಯೂಟರನ್ನು ಮಿತವಾಗಿ ಬಳಸುವ ಮಕ್ಕಳು ಅಪರೂಪಕ್ಕೆ ಬಳಸುವವರಿಗಿಂತ ಸ್ವಲ್ಪ ಮುಂದಿದ್ದರು. ಅತಿಯಾಗಿ ಬಳಸುವವರು ಬಹಳ ಹಿಂದಿದ್ದರು.

ಎಲ್ಲವನ್ನೂ ಹೇಳಬಲ್ಲ ಯಂತ್ರದ ಮುಂದೆ

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಪ್ರಶ್ನೆ ಇನ್ನಷ್ಟು ಹರಿತವಾಗಿದೆ. ಹುಡುಕು ಯಂತ್ರ ಕೊಡುತ್ತಿದ್ದದ್ದು ಬಿಡಿ ಮಾಹಿತಿ, ಜೋಡಿಸುವ ಕೆಲಸವಾದರೂ ಮಗುವಿಗೆ ಉಳಿದಿತ್ತು. ಈಗ ಊಹೆ, ಪ್ರಯೋಗದ ವಿಧಾನ, ಅಂಕಿಗಳ ಕೋಷ್ಟಕ, ತೀರ್ಮಾನ ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತವೆ. ನಿಷೇಧಿಸಿದರೆ ಸಾಕು ಎನ್ನುವವರಿದ್ದಾರೆ. ನನಗೆ ಅದು ಹೆಚ್ಚು ದಿನ ನಿಲ್ಲುವ ಉತ್ತರವೆನಿಸುವುದಿಲ್ಲ. ಅದಕ್ಕಿಂತ, ಉತ್ತರಕ್ಕೆ ಬೇಕಾದ ಕನಿಷ್ಠ ಒಂದು ಸಂಗತಿಯಾದರೂ ಆ ತರಗತಿಯ ಮಕ್ಕಳು ಎದ್ದು ಹೋಗಿ ತರದ ಹೊರತು ಎಲ್ಲಿಯೂ ಸಿಗದಂತಹ ಸಮಸ್ಯೆಯನ್ನು ಆರಿಸುವುದು ಮೇಲು. ಸೋರುವ ನಲ್ಲಿಗಳ ಬಗ್ಗೆ ಆ ಯಂತ್ರ ಪುಟಗಟ್ಟಲೆ ಬರೆಯಬಲ್ಲದು. ಈ ನಲ್ಲಿಯ 100 ಹನಿ ಎಷ್ಟು ತೂಗುತ್ತದೆ ಎಂದು ಅದಕ್ಕೆ ಗೊತ್ತಿರಲು ಸಾಧ್ಯವಿಲ್ಲ.

ಇನ್ನೊಂದು ದಾರಿಯೂ ಇದೆ, ಅದರ ಬಗ್ಗೆ ನನಗೆ ಎಚ್ಚರಿಕೆಯ ಆಸೆಯಿದೆ. ಬ್ಯಾರೋಸ್ ಅವರ ಕಾರ್ಡುಗಳ ಕಟ್ಟಿನ ಕೆಲಸವನ್ನು ಈ ಯಂತ್ರಕ್ಕೇ ಒಪ್ಪಿಸಬಹುದು. ಶಿಕ್ಷಕರು ಮೊದಲೇ ಒಂದು ಪ್ರಕರಣದ ವಿವರಗಳನ್ನೆಲ್ಲ ಬರೆದುಕೊಟ್ಟು, ಮಕ್ಕಳು ಏನನ್ನು ಕೇಳುತ್ತಾರೋ ಅದಕ್ಕಷ್ಟೇ ಉತ್ತರಿಸು, ಕಾರಣವನ್ನು ನೀನಾಗಿ ಹೇಳಬೇಡ ಎಂದು ಸೂಚಿಸಿದರೆ, ಕೆರೆಯ ಮೀನುಗಳು ಸತ್ತ ಪ್ರಕರಣದ ಸಾಕ್ಷಿಯಾಗಿ ಅದು ಮಾತನಾಡಬಲ್ಲದು. ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟಿತ್ತು ಎಂದು ಕೇಳಿದ ಗುಂಪಿಗೆ ಆ ಅಂಕಿ ಸಿಗುತ್ತದೆ, ಕೇಳದ ಗುಂಪಿಗೆ ಇಲ್ಲ. ಶಿಕ್ಷಕರೊಬ್ಬರು ಇದನ್ನು ಮಾಡಿ ತೋರಿಸಿದಾಗ ನಾನು ಹತ್ತಿರ ಕೂತು ನೋಡಿದೆ. ಆರಂಭದಲ್ಲಿ ಚೆನ್ನಾಗಿಯೇ ನಡೆಯಿತು. ಮಗುವೊಂದು ಸುಸ್ತಾಗಿ, ನೀನೇ ಹೇಳಿಬಿಡು ಎಂದು ಟೈಪ್ ಮಾಡಿದ ಕೂಡಲೇ ಯಂತ್ರ ಒಡಂಬಡಿಕೆಯನ್ನು ಮರೆತು ಎಲ್ಲವನ್ನೂ ಹೇಳಿಬಿಟ್ಟಿತು. ಸಹಾಯ ಮಾಡುವ ಅದರ ಸ್ವಭಾವವೇ ಇಲ್ಲಿ ಅಡ್ಡ ಬರುತ್ತದೆ. ಬರೆದುಕೊಡದ ಅಂಕಿಯನ್ನು ಕೇಳಿದಾಗ ತಾನೇ ಒಂದನ್ನು ಸೃಷ್ಟಿಸಿ ಹೇಳಿದ್ದೂ ಉಂಟು. ಆದ್ದರಿಂದ ಸದ್ಯಕ್ಕೆ ಇದನ್ನು ಶಿಕ್ಷಕರು ಪಕ್ಕದಲ್ಲಿರುವಾಗ, ಒಂದೇ ಪರದೆಯಲ್ಲಿ, ಇಡೀ ಗುಂಪು ಒಟ್ಟಾಗಿ ಚರ್ಚಿಸಿ ಒಂದೊಂದೇ ಪ್ರಶ್ನೆಯನ್ನು ಕಳಿಸುವ ರೀತಿಯಲ್ಲಿ ಬಳಸುವುದು ಒಳ್ಳೆಯದೆನಿಸುತ್ತದೆ. ಪ್ರಶ್ನೆಯನ್ನು ಕಳಿಸುವ ಮುನ್ನ, ಇದರ ಉತ್ತರ ಹೀಗೆ ಬಂದರೆ ಏನು ಅರ್ಥ, ಹಾಗೆ ಬಂದರೆ ಏನು ಅರ್ಥ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆಸಿದರಂತೂ ಯಂತ್ರ ಒಂದಿಷ್ಟು ಹೆಚ್ಚು ಹೇಳಿದರೂ ಯೋಚನೆ ಉಳಿದುಕೊಳ್ಳುತ್ತದೆ.

ನಮೂನೆ ಮತ್ತು ವೇಳಾಪಟ್ಟಿ

ಇಷ್ಟೆಲ್ಲ ಯೋಚಿಸುವ ಶಿಕ್ಷಕರಿಗೆ ವ್ಯವಸ್ಥೆ ಏನನ್ನು ಕೊಡುತ್ತದೆ ಎಂಬಲ್ಲಿ ನನ್ನ ನಿಜವಾದ ಅಸಮಾಧಾನವಿದೆ. ಪಾಠಯೋಜನೆಯ ನಮೂನೆಯಲ್ಲಿ ‘ಬಳಸಿದ ತಂತ್ರಜ್ಞಾನ’ ಎಂಬ ಅಂಕಣ ಇರುತ್ತದೆ. ಅದನ್ನು ಖಾಲಿ ಬಿಡುವಂತಿಲ್ಲವಾದ್ದರಿಂದ ಎಲ್ಲರೂ ಏನನ್ನಾದರೂ ತುಂಬುತ್ತಾರೆ. ಶಿಕ್ಷಕರ ಜೊತೆ ಕೂತು ಯೋಜನೆ ಮಾಡುವಾಗ ನಾನು ಈಗ ಆ ಅಂಕಣವನ್ನು ಕೊನೆಗೆ ಬಿಡಲು ಹೇಳುತ್ತೇನೆ. ಮೊದಲು, ಮಕ್ಕಳು ಎಲ್ಲಿ ಸಿಕ್ಕಿಕೊಳ್ಳಬೇಕೆಂದು ನೀವು ಬಯಸುತ್ತೀರಿ ಎಂದು ಬರೆಯಲಿ. ಆಮೇಲೆ, ಎಲ್ಲಿ ಸಿಕ್ಕಿಕೊಂಡರೆ ಬರೀ ಸಮಯ ವ್ಯರ್ಥ ಎಂದು ಬರೆಯಲಿ. ನೂರು ಓದುವಿಕೆಗಳನ್ನು ಗ್ರಾಫ್ ಹಾಳೆಯಲ್ಲಿ ಕೈಯಿಂದ ಗುರುತಿಸುವುದು ಒಮ್ಮೆ ಕಲಿತ ಮೇಲೆ ಎರಡನೆಯ ಬಗೆಯದು, ಅದನ್ನು ಸ್ಪ್ರೆಡ್‌ಶೀಟಿಗೆ ಧಾರಾಳವಾಗಿ ಬಿಡಬಹುದು. ಎರಡು ಅಕ್ಷಗಳ ಮೇಲೆ ಯಾವುದನ್ನು ಇಡಬೇಕೆಂದು ತೀರ್ಮಾನಿಸುವುದು ಮೊದಲ ಬಗೆಯದು, ಅದನ್ನು ಬಿಡುವಂತಿಲ್ಲ. ಈ ಎರಡು ಸಾಲುಗಳನ್ನು ಬರೆದ ಮೇಲೆ ಮೂರನೆಯ ಅಂಕಣ ಬಹುಪಾಲು ತಾನಾಗಿಯೇ ತುಂಬಿಕೊಳ್ಳುತ್ತದೆ, ಕೆಲವು ಪಾಠಗಳಲ್ಲಿ ಖಾಲಿಯಾಗಿಯೂ ಉಳಿಯುತ್ತದೆ. ಖಾಲಿ ಉಳಿದದ್ದಕ್ಕೆ ಅಂಕ ಕಡಿಮೆ ಮಾಡುವ ಪರಿಶೀಲನಾ ಕ್ರಮ ಹೋಗಬೇಕು.

ಮೌಲ್ಯಮಾಪನದಲ್ಲಿಯೂ ಇದೇ ಕಥೆ. ಹನಿಯ ಗುಂಪಿನ ಟಿಪ್ಪಣಿ ಪುಸ್ತಕದಲ್ಲಿ 4.3 ಎಂದು ಬರೆದು ಹೊಡೆದುಹಾಕಿದ್ದು, 21.6 ಎಂದು ಬರೆದು ಹೊಡೆದುಹಾಕಿದ್ದು, ಪಕ್ಕದಲ್ಲಿ ಯಾವ ಹನಿ ಎಂಬ ಪ್ರಶ್ನೆ, ಕೆಳಗೆ 18, ಅದರ ಮುಂದೆ ಬೆಳಿಗ್ಗೆ ಮಾತ್ರ ಎಂಬ ಟಿಪ್ಪಣಿ ಇದ್ದವು. ಅಚ್ಚುಕಟ್ಟಿಗೆ ಅಂಕ ಕೊಡುವ ಪಟ್ಟಿಯಲ್ಲಿ ಈ ಪುಟ ಸೋಲುತ್ತದೆ. ಹೊಡೆದುಹಾಕಿದ ಪ್ರತಿ ಸಾಲಿನ ಪಕ್ಕದಲ್ಲಿ ಅದನ್ನು ಏಕೆ ಕೈಬಿಟ್ಟೆವು ಎಂದು ಮಕ್ಕಳು ಬರೆದಿದ್ದರೆ, ಅಂಕಗಳ ದೊಡ್ಡ ಪಾಲು ಅದಕ್ಕೇ ಸಲ್ಲಬೇಕೆಂದು ನಾನು ವಾದಿಸುತ್ತೇನೆ.

ಇನ್ನು ಸಮಯದ ಮಾತು. ಬಿಸಿಲು ಸೆನ್ಸರಿನ ಮೇಲೆ ಬೀಳುತ್ತಿದ್ದದ್ದು ಬೆಳಿಗ್ಗೆ, ವಿಜ್ಞಾನದ ಪೀರಿಯಡ್ ಇದ್ದದ್ದು ಮಧ್ಯಾಹ್ನ. ಆ ಹೊತ್ತಿನ ಪೀರಿಯಡ್ ಗಣಿತದ್ದು. ವಿಜ್ಞಾನದ ಶಿಕ್ಷಕರು ಹೋಗಿ ಕೇಳಿದಾಗ ಗಣಿತದ ಶಿಕ್ಷಕರು ಪೀರಿಯಡ್ ಬಿಟ್ಟುಕೊಟ್ಟದ್ದಷ್ಟೇ ಅಲ್ಲ, ತಾವೂ ಬಂದು ಹಿಂದೆ ನಿಂತರು. ಒಂದೆರಡು ವಿಪರೀತ ಓದುವಿಕೆಗಳು ಸರಾಸರಿಯನ್ನು ಹೇಗೆ ಎಳೆದುಕೊಂಡು ಹೋಗುತ್ತವೆ, ಮಧ್ಯಾಂಕ ಏಕೆ ಅಷ್ಟಾಗಿ ಅಲುಗಾಡುವುದಿಲ್ಲ ಎಂಬುದನ್ನು ಮರುದಿನ ಅವರು ಅದೇ ಸ್ಪ್ರೆಡ್‌ಶೀಟನ್ನು ತೆರೆದು ಕಲಿಸಿದರು. ಪಠ್ಯಕ್ರಮದಲ್ಲಿ ಆ ಪಾಠ ಬರುವುದಕ್ಕೆ ಇನ್ನೂ ತಿಂಗಳುಗಳಿದ್ದವು. ಆ ಅದಲುಬದಲಿಗೆ ಮುಖ್ಯೋಪಾಧ್ಯಾಯರ ಒಂದು ಸಹಿ ಸಾಕಾಗಿತ್ತು.